ಫೋಟೋ ತೆಗೆಯೋ ಡಾಕ್ಟರು, ಕರೆಂಟು ಕೊಡೋ ಡಾಕ್ಟರು

ಈ ವಾರದ ಪತ್ರಗಳಲ್ಲಿ ಒಂದು ಯಾಪಲದಿನ್ನಿಯಿಂದ ಬಂದಿದೆ. ರಾಯಚೂರು ತಾಲ್ಲೂಕಿನ ಊರು ಅದು, ಆಚೆಗೆ ತೆಲುಗು ಸೀಮೆ. ಅಲ್ಲಿಯ ತೆಲುಗಿನಲ್ಲಿ ಯಾಪ ಅಂದರೆ ಬೇವು, ದಿನ್ನಿ ಅಂದರೆ ದಿಬ್ಬ. ಬರೆದವಳು ಒಂಬತ್ತನೇ ತರಗತಿಯ ಹುಡುಗಿ. ಅಕ್ಷರ ದುಂಡಗಿದೆ, ಸುತ್ತುಬಳಸಿಲ್ಲದ ಮಾತು.

"ನಮ್ಮ ತಾತನಿಗೆ ಗಂಟಲಲ್ಲಿ ಗಂಟಾಗಿತ್ತು. ಮೊದಲು ಫೋಟೋ ತೆಗೆದರು, ಆಮೇಲೆ ಕಲಬುರಗಿಯಲ್ಲಿ ಮೂವತ್ಮೂರು ದಿನ ಕರೆಂಟು ಕೊಟ್ಟರು. ನಾನು ದಿನಾ ಗೋಡೆ ಮೇಲೆ ಒಂದೊಂದು ಗೆರೆ ಹಾಕ್ತಿದ್ದೆ. ಈಗ ತಾತ ಊರಿಗೆ ಬಂದಾನ. ನಾನು ಡಾಕ್ಟರ್ ಆಗಬೇಕು ಅಂದೆ. ಮಾವ ಹೇಳ್ತಾರ, ಫೋಟೋ ಡಾಕ್ಟರ್ ಆಗು, ದುಡ್ಡೂ ಐತಿ, ನಿದ್ದಿನೂ ಐತಿ ಅಂತ. ತಾತ ಹೇಳ್ತಾನ, ಕರೆಂಟ್ ಡಾಕ್ಟರ್ ಆಗು ಅಂತ. ಎರಡೂ ಎಕ್ಸ್‌ರೇನೇ ಅಲ್ಲೇನ್ರಿ? ಏನು ಫರಕು?"

ಪತ್ರದ ಕೆಳಗೆ ಅದೇ ದುಂಡಕ್ಷರದಲ್ಲಿ ಇನ್ನೊಂದು ಸಾಲು ಇದೆ. ಅಜ್ಜಿ ಹೇಳಿ ಬರೆಸಿದ್ದಂತೆ: "ಕರೆಂಟು ಹಿಡಿಸಿಕೊಂಡ ಮನುಷ್ಯಾನ ಬಾಜೂ ಕೂಸು ಮಲಗಬೌದೇನ್ರಿ?"

ಅಜ್ಜಿಯ ಪ್ರಶ್ನೆಗೆ ಮೊದಲು ಉತ್ತರ, ಏಕೆಂದರೆ ಅದು ಇವತ್ತು ರಾತ್ರಿಯ ಪ್ರಶ್ನೆ. ಮಗಳದ್ದು ಹತ್ತು ವರ್ಷದಾಚೆಯದು.

ಮಲಗಬಹುದು ತಾಯಿ. ಯಾವ ಅಳುಕೂ ಬೇಡ. ಹೊರಗಿನಿಂದ ಯಂತ್ರದ ಮೂಲಕ ಬಿಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಕೋಣೆಯ ದೀಪ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿದಿರುತ್ತದೆಯೇ? ಇದೂ ಹಾಗೆಯೇ. ಯಂತ್ರ ನಿಂತ ಕ್ಷಣಕ್ಕೆ ಕಿರಣವೂ ಮುಗಿಯಿತು. ಯಜಮಾನರ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವುದು ಬೇಡ. ಮೊಮ್ಮಗು ತೊಡೆಯ ಮೇಲೆ ಕೂರಲಿ, ಪಕ್ಕದಲ್ಲಿ ಮಲಗಲಿ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣವಿರುವ ಅಯೋಡಿನ್ ಔಷಧಿ ನುಂಗಿಸುವ ಒಂದು ಚಿಕಿತ್ಸೆ ಇದೆ. ಅದಾದರೆ ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಿ ಎಂದು ಡಾಕ್ಟರೇ ಬಾಯಿಬಿಟ್ಟು ಹೇಳಿ ಕಳಿಸುತ್ತಾರೆ. ನಿಮ್ಮ ಮನೆಯವರಿಗೆ ಕೊಟ್ಟದ್ದು ಅದಲ್ಲ. ಅವರ ಬಾಯಿ ಒಣಗುತ್ತಿರಬಹುದು, ಉಪ್ಪು-ಖಾರದ ರುಚಿ ಇನ್ನೂ ಮರಳಿರಲಿಕ್ಕಿಲ್ಲ. ಮೆತ್ತಗಿನ ಅಂಬಲಿ, ಮಜ್ಜಿಗೆ ಅನ್ನ ಕೊಡಿ, ಆಗಾಗ ನೀರು ಗುಟುಕರಿಸಲಿ. ಹಲ್ಲು ಕೀಳಿಸಬೇಕಾಗಿ ಬಂದರೆ ಮಾತ್ರ ಮೊದಲು ಕಲಬುರಗಿಯ ಡಾಕ್ಟರನ್ನು ಕೇಳದೆ ಕೀಳಿಸಬೇಡಿ. ಕಿರಣ ಬಿದ್ದ ದವಡೆಯ ಗಾಯ ಮಾಯುವುದು ನಿಧಾನ.

ಇನ್ನು ಆ 'ಕರೆಂಟು' ಅನ್ನುವ ಮಾತು. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ. ಎಷ್ಟೋ ಹಿರಿಯರು ಅದನ್ನು ಕೇಳಿ, ತಂತಿ ಮುಟ್ಟಿದ ಹಾಗೆ ಷಾಕ್ ಹೊಡೆಸುತ್ತಾರೆ ಎಂದು ಹೆದರಿ ಆಸ್ಪತ್ರೆಗೇ ಹೋಗುವುದಿಲ್ಲ. ಒಂದು ಪದದಿಂದ ಇಷ್ಟು ಹಾನಿ! ಷಾಕ್ ಇಲ್ಲ, ನೋವಿಲ್ಲ, ಬಿಸಿಯೂ ತಾಕುವುದಿಲ್ಲ. ಹಾಗೆಂದು ಮಾತು ಪೂರ್ತಿ ಸುಳ್ಳೂ ಅಲ್ಲ. ಈಗಿನ ಯಂತ್ರಕ್ಕೆ ಲೀನಿಯರ್ ಆಕ್ಸಿಲರೇಟರ್ ಎಂದು ಹೆಸರು. ಅದು ವಿದ್ಯುತ್ತಿನಿಂದಲೇ ಎಲೆಕ್ಟ್ರಾನುಗಳನ್ನು ಓಡಿಸಿ, ಒಂದು ಲೋಹದ ತುಂಡಿಗೆ ಬಡಿಸಿ ಎಕ್ಸ್‌ರೇ ಹುಟ್ಟಿಸುತ್ತದೆ. ಶಕ್ತಿನಗರದ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಅಂದಿನಿಂದ ರಾಯಚೂರು ಇಡೀ ರಾಜ್ಯಕ್ಕೆ ಕರೆಂಟು ಕೊಡುತ್ತಿದೆ. ಆ ಜಿಲ್ಲೆಯ ತಾತ 'ಕರೆಂಟು' ಕೊಡಿಸಿಕೊಳ್ಳಲು ಕಲಬುರಗಿಯಲ್ಲಿ ಮೂವತ್ಮೂರು ದಿನ ಇರಬೇಕಾಯಿತು. ಈ ಮಾತಿಗೆ ಆಮೇಲೆ ಬರೋಣ.

ಈಗ ಮಗಳೇ, ನಿನ್ನ ಪ್ರಶ್ನೆ. ಎರಡೂ ಎಕ್ಸ್‌ರೇ ಅಲ್ಲವೇ ಅಂದೆಯಲ್ಲ, ಅರ್ಧಕ್ಕಿಂತ ಹೆಚ್ಚು ಸರಿ. ಎರಡು ಕಸುಬಿಗೂ ತಾಯಿಬೇರು ಒಂದೇ.

1895ರ ನವೆಂಬರ್ 8ರ ಸಂಜೆ, ಜರ್ಮನಿಯ ವೂರ್ಟ್ಸ್‌ಬರ್ಗ್ ಊರಿನಲ್ಲಿ ವಿಲ್‌ಹೆಲ್ಮ್ ರಾಂಟ್ಜನ್ ಎಂಬ ಮೇಷ್ಟ್ರು ಕತ್ತಲೆ ಕೋಣೆಯಲ್ಲಿ ಗಾಜಿನ ಕೊಳವೆಯೊಂದಕ್ಕೆ ವಿದ್ಯುತ್ ಹಾಯಿಸುತ್ತಿದ್ದರು. ಕೊಳವೆಗೆ ಕಪ್ಪು ಕಾಗದ ಸುತ್ತಿತ್ತು. ಆದರೂ ಸ್ವಲ್ಪ ದೂರದಲ್ಲಿದ್ದ ಪರದೆ ಮಿನುಗಿತು. ಕಾಣದ ಯಾವುದೋ ಕಿರಣ ಕಾಗದ ದಾಟಿ ಬರುತ್ತಿದೆ! ಏನೆಂದು ಗೊತ್ತಿಲ್ಲದ್ದಕ್ಕೆ ಲೆಕ್ಕದಲ್ಲಿ ಎಕ್ಸ್ ಅನ್ನುತ್ತೀರಲ್ಲ, ಅವರೂ ಅದನ್ನೇ ಇಟ್ಟರು. ಡಿಸೆಂಬರ್ 22ರಂದು ಹೆಂಡತಿಯ ಕೈಯನ್ನು ಆ ಕಿರಣದಲ್ಲಿ ಹಿಡಿಸಿ ಚಿತ್ರ ತೆಗೆದರು. ಬೆರಳ ಮೂಳೆ, ಮೂಳೆಯ ಸುತ್ತ ಉಂಗುರ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೇ ಬಂತು. ಆ ಹಣವನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಕಿರಣದ ಮೇಲೆ ಪೇಟೆಂಟ್ ಮಾಡಿಸಲೇ ಇಲ್ಲ.

ಚಿತ್ರ ತೆಗೆಯಲು ಹೊರಟವರ ಕೈಬೆರಳು ಕೆಂಪಾಯಿತು, ಚರ್ಮ ಸುಲಿಯಿತು. ಚರ್ಮವನ್ನೇ ಸುಡುವುದಾದರೆ ಗಡ್ಡೆಯನ್ನು ಯಾಕೆ ಸುಡಬಾರದು ಎಂದು ಕೆಲವೇ ತಿಂಗಳಲ್ಲಿ ಡಾಕ್ಟರುಗಳು ಕ್ಯಾನ್ಸರ್ ಹುಣ್ಣಿನ ಮೇಲೆ ಅದೇ ಕಿರಣ ಹಿಡಿದರು. ನೋಡುವ ವಿದ್ಯೆ, ಚಿಕಿತ್ಸೆಯ ವಿದ್ಯೆ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿದ ಅವಳಿಗಳು. ಬಹಳ ಕಾಲ ಒಬ್ಬರೇ ಡಾಕ್ಟರು ಎರಡನ್ನೂ ಮಾಡುತ್ತಿದ್ದರು. ಅಜ್ಜಂದಿರೇ, ಹಳೆಯ ಆಸ್ಪತ್ರೆಯ ಬೋರ್ಡುಗಳಲ್ಲಿ ಡಿ.ಎಂ.ಆರ್.ಡಿ., ಡಿ.ಎಂ.ಆರ್.ಟಿ. ಎಂಬ ಪದವಿಗಳನ್ನು ಓದಿರಬಹುದು. ಕೊನೆಯ ಅಕ್ಷರದಲ್ಲಿದೆ ಗುಟ್ಟು. ಡಿ ಅಂದರೆ ಡಯಾಗ್ನೋಸಿಸ್, ರೋಗ ಗುರುತಿಸುವುದು. ಟಿ ಅಂದರೆ ಥೆರಪಿ, ಚಿಕಿತ್ಸೆ.

ಮೇರಿ ಕ್ಯೂರಿಯ ಹೆಸರು ನಿಮ್ಮ ಪಾಠದಲ್ಲಿ ರೇಡಿಯಂ ಜೊತೆ ಬಂದಿರುತ್ತದೆ. ಆಕೆ ಪತ್ತೆ ಮಾಡಿದ ರೇಡಿಯಂ ಹತ್ತಾರು ವರ್ಷ ಕ್ಯಾನ್ಸರ್ ಚಿಕಿತ್ಸೆಗೆ ಬಳಕೆಯಾಯಿತು. ಪಾಠದಲ್ಲಿ ಸಾಮಾನ್ಯವಾಗಿ ಇಲ್ಲದ್ದು ಏನೆಂದರೆ, 1914ರಲ್ಲಿ ಮಹಾಯುದ್ಧ ಶುರುವಾದಾಗ ಆಕೆ ಪ್ರಯೋಗಾಲಯ ಬಿಟ್ಟು ಎದ್ದಳು. ಮೋಟಾರು ಗಾಡಿಗಳಿಗೆ ಎಕ್ಸ್‌ರೇ ಯಂತ್ರ ಕಟ್ಟಿಸಿದಳು, ಗಾಡಿಯ ಎಂಜಿನ್ನಿನಿಂದಲೇ ಅದಕ್ಕೆ ಕರೆಂಟು. ಸ್ವತಃ ಡ್ರೈವಿಂಗ್ ಕಲಿತು ಯುದ್ಧಭೂಮಿಯ ಹತ್ತಿರಕ್ಕೆ ಹೋದಳು. ಗಾಯಗೊಂಡ ಸೈನಿಕರ ಮೈಯಲ್ಲಿ ಗುಂಡು ಎಲ್ಲಿದೆ ಎಂದು ತೋರಿಸುವುದು ಕೆಲಸ. ಜೊತೆಗೆ ಮಗಳು ಐರಿನ್, ಯುದ್ಧ ಶುರುವಾದಾಗ ಹದಿನಾರು ವರ್ಷದವಳು, ನಿನಗಿಂತ ಒಂದೆರಡು ವರ್ಷ ದೊಡ್ಡವಳು ಅಷ್ಟೇ. ಮಾವ ಹೇಳಿದ ಡಾಕ್ಟರ ಕೆಲಸವನ್ನೂ ತಾತ ಹೇಳಿದ ಡಾಕ್ಟರ ಕೆಲಸಕ್ಕೆ ಬೇಕಾದ ಸಾಮಗ್ರಿಯನ್ನೂ ಒಬ್ಬಳೇ ಹೆಂಗಸು ಲೋಕಕ್ಕೆ ಕೊಟ್ಟಳು. ಬೆಲೆಯನ್ನೂ ತೆತ್ತಳು. ವಿಕಿರಣದಿಂದ ರಕ್ತ ಕೆಟ್ಟು 1934ರಲ್ಲಿ ತೀರಿಕೊಂಡಳು. ಈಗಿನವರು ಅಷ್ಟು ಅಪಾಯದಲ್ಲಿಲ್ಲ. ವಿಕಿರಣದ ಕೋಣೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಎದೆಗೆ ಒಂದು ಪುಟ್ಟ ಬಿಲ್ಲೆ ಸಿಕ್ಕಿಸಿಕೊಂಡಿರುತ್ತಾರೆ; ಮೈಗೆ ಎಷ್ಟು ತಾಗಿತೆಂದು ಅದು ಲೆಕ್ಕ ಇಡುತ್ತದೆ.

ಕಿರಣ ಒಂದೇ ಆದರೂ ಅಳತೆ ಬೇರೆ. ಎದೆಯ ಒಂದು ಎಕ್ಸ್‌ರೇಯಲ್ಲಿ ನಮಗೆ ತಾಗುವುದು, ಸುಮ್ಮನೆ ಮನೆಯಲ್ಲಿದ್ದರೂ ಮಣ್ಣಿನಿಂದ, ಆಕಾಶದಿಂದ ಹತ್ತು ದಿನದಲ್ಲಿ ತಾಗುವಷ್ಟೇ. ಚಿಕಿತ್ಸೆಯ ಯಂತ್ರದ ಕಿರಣಕ್ಕೆ ಅರವತ್ತು ಲಕ್ಷ ವೋಲ್ಟ್ ಅಥವಾ ಅದಕ್ಕೂ ಮೇಲಿನ ಬಲ. ಅದನ್ನು ಇಟ್ಟ ಕೋಣೆಯ ಕಾಂಕ್ರೀಟ್ ಗೋಡೆ ಒಂದು ಮೀಟರಿಗಿಂತ ದಪ್ಪ, ಕಿರಣ ನೇರ ಬಡಿಯುವ ಕಡೆ ಇನ್ನೂ ದಪ್ಪ. ರಾಯಚೂರು ಕೋಟೆ ನೋಡಿದವರು ಅಂದಾಜು ಮಾಡಿಕೊಳ್ಳಬಹುದು.

ಫೋಟೋ ಡಾಕ್ಟರ, ಅಂದರೆ ರೇಡಿಯಾಲಜಿಸ್ಟರ ಕೆಲಸ ನೆರಳು ಓದುವುದು. ಗುಂಡಿ ಒತ್ತಿ ಫೋಟೋ ತೆಗೆಯುವವರು ಟೆಕ್ನಿಷಿಯನ್. ತೆಗೆದದ್ದನ್ನು ಓದುವವರು ಡಾಕ್ಟರ್. ಸುಣ್ಣದ ಅಂಶವಿರುವ ಮೂಳೆ ಕಿರಣವನ್ನು ತಡೆಯುತ್ತದೆ, ಬೆಳ್ಳಗೆ ಕಾಣುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಬಿಟ್ಟುಕೊಡುತ್ತದೆ, ಕಪ್ಪಗೆ ಕಾಣುತ್ತದೆ. ಕಪ್ಪಿರಬೇಕಾದಲ್ಲಿ ಒಂದು ಬಿಳಿ ಮೋಡವಿದ್ದರೆ ಅದು ಕ್ಷಯವೋ, ನ್ಯುಮೋನಿಯಾವೋ, ಇನ್ನೇನೋ ಎಂದು ಯೋಚಿಸಬೇಕು. ಎಲ್ಲವೂ ಎಕ್ಸ್‌ರೇಯಿಂದಲೇ ಆಗುವುದಿಲ್ಲ. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಕಿವಿಗೆ ಕೇಳದ ಶಬ್ದದಿಂದ, ಎಂ.ಆರ್.ಐ. ದೊಡ್ಡ ಅಯಸ್ಕಾಂತದಿಂದ. ಬಾವಿಗೆ ಕಲ್ಲು ಹಾಕಿ ಸದ್ದಿನಿಂದ ಆಳ ಅಳೆಯುವ ಹುಡುಗರಿಗೆ ಸ್ಕ್ಯಾನಿಂಗ್ ಬೇಗ ಅರ್ಥವಾಗುತ್ತದೆ.

ಈ ಕೆಲಸ ಒಣ ಕೆಲಸವೆಂದು ತಿಳಿಯಬೇಡ. ನಿನ್ನ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇನೆ. ರಾಯಚೂರು ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು ಬಗ್ಗುವುದಿಲ್ಲ, ಕೀಲು ಹಿಡಿಯುತ್ತದೆ. ವಯಸ್ಸಾಯಿತು, ವಾತ ಎಂದು ಮನೆಯವರು ಎಣ್ಣೆ ತಿಕ್ಕುತ್ತಾರೆ. ಆದರೆ ಎಕ್ಸ್‌ರೇ ಫಿಲ್ಮಿನಲ್ಲಿ ಆ ಮೂಳೆ ಸೀಮೆಸುಣ್ಣದ ಹಾಗೆ ದಟ್ಟ ಬಿಳಿಯಾಗಿರುತ್ತದೆ. ಮೊಣಕೈ ಕೆಳಗಿನ ಎರಡು ಮೂಳೆಗಳ ನಡುವೆ ತೆಳುವಾದ ಪೊರೆ ಇದೆ. ಫ್ಲೋರೈಡ್ ತಿಂದವರಲ್ಲಿ ಆ ಪೊರೆಯೂ ಗಟ್ಟಿಯಾಗಿ ಚಿತ್ರದಲ್ಲಿ ಮೂಡುತ್ತದೆ. ಅದನ್ನು ನೋಡಿದ ಡಾಕ್ಟರು ಕೇಳಬೇಕಾದ್ದು ಒಂದೇ ಮಾತು: ಯಾವ ಬಾವಿಯ ನೀರು ಕುಡಿಯುತ್ತೀರಿ? ಒಂದು ಕೈಯ ಫೋಟೋದಿಂದ ಇಡೀ ಓಣಿಯ ನೀರು ಬದಲಾಗಬಹುದು. ಕತ್ತಲೆ ಕೋಣೆಯಲ್ಲಿ ಕೂತವರು ಊರಿನ ಕಥೆ ಓದುತ್ತಾರೆ ಅಂದರೆ ಹೀಗೆ.

ಅದೇ ಕೋಣೆಯಲ್ಲಿ ಗಟ್ಟಿ ಬೆನ್ನೆಲುಬೂ ಬೇಕು. ಸ್ಕ್ಯಾನಿಂಗ್ ಮಾಡುವ ಡಾಕ್ಟರಿಗೆ "ಒಳಗಿರೋದು ಹುಡುಗನೋ ಹುಡುಗಿಯೋ, ಕಣ್ಸನ್ನೆ ಮಾಡಿ ಸಾಕು" ಎನ್ನುವವರು ಬರುತ್ತಾರೆ, ನೋಟು ತೋರಿಸುತ್ತಾರೆ. 1994ರ ಕಾಯಿದೆ ಪ್ರಕಾರ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಹುಡುಗಿಯಾಗಿ ಹುಟ್ಟಿ, ಓದಿ, ಆ ಕುರ್ಚಿಯಲ್ಲಿ ಕೂತು "ಹೇಳುವುದಿಲ್ಲ" ಎನ್ನುವುದು ಸಣ್ಣ ಕೆಲಸವಲ್ಲ.

ಇನ್ನು ತಾತ ಹೇಳಿದ ಡಾಕ್ಟರು. ಅವರ ಹೆಸರು ರೇಡಿಯೇಷನ್ ಆಂಕಾಲಜಿಸ್ಟ್. ಕ್ಯಾನ್ಸರ್ ರೋಗಿಯನ್ನು ಮೊದಲ ದಿನದಿಂದ ವರ್ಷಗಳವರೆಗೆ ನೋಡಿಕೊಳ್ಳುವವರು. ನಿನ್ನ ತಾತನಿಗೆ ಏನು ಮಾಡಿದರು ಗೊತ್ತೇ? ಗಂಟಲಿನ ಚಿಕಿತ್ಸೆಗೆ ಮುಖ ಅಲುಗಬಾರದು. ಅದಕ್ಕಾಗಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಹೊದಿಸಿ ಅಚ್ಚು ತೆಗೆಯುತ್ತಾರೆ. ತೂತು ತೂತಿನ ಮುಖವಾಡ, ಉಸಿರಾಡಬಹುದು. ಅದನ್ನು ಹಾಕಿಸಿ ಸಿ.ಟಿ. ಸ್ಕ್ಯಾನ್ ತೆಗೆಯುತ್ತಾರೆ. ಆಮೇಲೆ ಡಾಕ್ಟರು ಕಂಪ್ಯೂಟರಿನ ಮುಂದೆ ಕೂತು ಚಿತ್ರದ ಪದರ ಪದರದಲ್ಲೂ ಗಡ್ಡೆಯ ಸುತ್ತ ಗೆರೆ ಎಳೆಯುತ್ತಾರೆ: ಇದು ಗಡ್ಡೆ, ಇಲ್ಲಿ ಬೀಳಬೇಕು, ಇದು ಬೆನ್ನುಹುರಿ, ಇಲ್ಲಿ ಹದ್ದು ಮೀರಬಾರದು, ಇದು ಜೊಲ್ಲಿನ ಗ್ರಂಥಿ, ಆದಷ್ಟು ಉಳಿಸಬೇಕು. ಎರಡು ಹೊಲದ ನಡುವೆ ಬದು ಹಾಕುವವರಿಗೆ ಈ ಎಚ್ಚರ ಗೊತ್ತು. ಗೆರೆ ಎರಡು ಮಿಲಿಮೀಟರ್ ಆಚೀಚೆಯಾದರೆ ಜಗಳವಾಗುವುದಿಲ್ಲ, ಆದರೆ ಒಬ್ಬ ಮನುಷ್ಯನ ನುಂಗುವ ಶಕ್ತಿ ಹೋಗಬಹುದು.

ಕಿರಣವನ್ನು ಒಂದೇ ದಿಕ್ಕಿನಿಂದ ಬಿಡುವುದಿಲ್ಲ. ನಾಲ್ಕಾರು ಕಡೆಯಿಂದ ಸ್ವಲ್ಪ ಸ್ವಲ್ಪ ಬಿಟ್ಟು, ಎಲ್ಲವೂ ಕೂಡುವ ಜಾಗ ಗಡ್ಡೆಯೇ ಆಗುವಂತೆ ನೋಡುತ್ತಾರೆ. ಹಾದಿಯ ಚರ್ಮಕ್ಕೆ ಕಡಿಮೆ, ಗಡ್ಡೆಗೆ ಪೂರ್ತಿ. ಮತ್ತೆ ಒಂದೇ ದಿನ ಯಾಕೆ ಮುಗಿಸುವುದಿಲ್ಲ ಎಂದು ನೀನು ಗೋಡೆಯ ಗೆರೆ ಎಣಿಸುವಾಗ ಯೋಚಿಸಿರಬೇಕು. ಕಿರಣ ಜೀವಕೋಶದೊಳಗಿನ ಡಿ.ಎನ್.ಎ. ಎಳೆಯನ್ನು ಕಡಿಯುತ್ತದೆ. ಒಳ್ಳೆಯ ಕೋಶಕ್ಕೆ ರಾತ್ರಿ ಕಳೆಯುವಷ್ಟರಲ್ಲಿ ಎಳೆ ಹೊಲಿದುಕೊಳ್ಳುವ ಜಾಣತನ ಇದೆ. ಕ್ಯಾನ್ಸರ್ ಕೋಶಕ್ಕೆ ಅವಸರ ಹೆಚ್ಚು, ರಿಪೇರಿ ಸರಿಯಾಗಿ ಬಾರದು. ದಿನಾ ಸ್ವಲ್ಪ ಕೊಟ್ಟು, ರಾತ್ರಿ ಬಿಡುವು ಕೊಟ್ಟು, ಮತ್ತೆ ಕೊಟ್ಟರೆ ಒಳ್ಳೆಯದು ಉಳಿಯುತ್ತದೆ, ಕೆಟ್ಟದ್ದು ಸೋಲುತ್ತದೆ. ಸೋಮವಾರದಿಂದ ಶುಕ್ರವಾರ, ಶನಿವಾರ-ಭಾನುವಾರ ರಜೆ. ಮೂವತ್ಮೂರು ಬಾರಿಗೆ ಆರೂವರೆ ವಾರಕ್ಕಿಂತ ಜಾಸ್ತಿ.

ಆ ಆರೂವರೆ ವಾರವೇ ಈ ಕಸುಬಿನ ಹೃದಯ. ಫೋಟೋ ಡಾಕ್ಟರು ಬಹಳ ಸಲ ರೋಗಿಯ ಒಳಗನ್ನೆಲ್ಲ ನೋಡಿರುತ್ತಾರೆ, ಮುಖ ನೋಡಿರುವುದಿಲ್ಲ. ಕರೆಂಟ್ ಡಾಕ್ಟರು ಅದೇ ಮುಖವನ್ನು ವಾರ ವಾರ ನೋಡುತ್ತಾರೆ. ಮೂರನೇ ವಾರ ಬಾಯಿ ಹುಣ್ಣಾಗುತ್ತದೆ, ಊಟ ಸೇರುವುದಿಲ್ಲ, "ಸಾಕು, ಮನೆಗೆ ಹೋಗ್ತೀನಿ" ಅನ್ನುತ್ತಾರೆ. ಆಗ ಗದರಿ, ರಮಿಸಿ, ಮೂಗಿನಲ್ಲಿ ಕೊಳವೆ ಹಾಕಿ ಗಂಜಿ ಕೊಟ್ಟಾದರೂ ನಿಲ್ಲಿಸಿಕೊಳ್ಳಬೇಕು. ಅರ್ಧಕ್ಕೆ ಬಿಟ್ಟರೆ ಕೊಟ್ಟದ್ದೆಲ್ಲ ನೀರಿನಲ್ಲಿ ಹೋಮ. ಕೆಲವರು ಗೆದ್ದು ಐದು ವರ್ಷದ ಮೇಲೆ ಮೊಮ್ಮಗಳ ಮದುವೆಯ ಕಾಗದ ಹಿಡಿದು ಬರುತ್ತಾರೆ. ಕೆಲವರು ಬರುವುದಿಲ್ಲ. ಗುಣವಾಗದವರಿಗೂ ಈ ಡಾಕ್ಟರು ಬೇಕು. ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವು ಎಷ್ಟೋ ಜನರಿಗೆ ಒಂದೇ ದಿನದ, ಅಥವಾ ಐದಾರು ದಿನದ ಕಿರಣದಿಂದ ಇಳಿಯುತ್ತದೆ. ಸಾವಿನ ಸುದ್ದಿ ಹೇಳುವ, ಕೇಳುವ ಮನಸ್ಸು ಇದಕ್ಕೆ ಬೇಕು. ಇದನ್ನು ಮಕ್ಕಳಿಗೆ ಹೇಳಬಾರದೆಂದು ಕೆಲವರು ಅನ್ನಬಹುದು. ಗೋಡೆಯ ಮೇಲೆ ಗೆರೆ ಹಾಕಿದ ಮಗುವಿಗೆ ಹೇಳಬಹುದು.

ಈಗ ಬಾಕಿ ಇಟ್ಟ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಎಂಬ ಸಂಸ್ಥೆ ಇದೆ. ಡಾ. ಅರ್ಜುನ್ ಕಲ್ಯಾಣಪುರ್ 2002ರಲ್ಲಿ ಶುರುಮಾಡಿದ್ದು. ಅಮೆರಿಕದಲ್ಲಿ ನಡುರಾತ್ರಿ ಯಾರಿಗೋ ಅಪಘಾತವಾದರೆ ಅಲ್ಲಿ ತೆಗೆದ ಸ್ಕ್ಯಾನ್ ಕ್ಷಣದಲ್ಲಿ ಬೆಂಗಳೂರಿಗೆ ಬರುತ್ತದೆ; ಇಲ್ಲಿ ಹಗಲು, ಡಾಕ್ಟರು ಎಚ್ಚರವಾಗಿರುತ್ತಾರೆ, ಓದಿ ವರದಿ ಕಳಿಸುತ್ತಾರೆ. ಚಿತ್ರಕ್ಕೆ ರೈಲು ಟಿಕೆಟ್ ಬೇಡ. ದೇವದುರ್ಗದಲ್ಲಿ ತೆಗೆದ ಎಕ್ಸ್‌ರೇಯನ್ನು ಬೆಂಗಳೂರಿನಲ್ಲಿ ಕೂತು ಓದಬಹುದು. ಚಿಕಿತ್ಸೆ ಹಾಗಲ್ಲ. ಯಂತ್ರ ಇರುವಲ್ಲಿಗೆ ತಾತನೇ ಹೋಗಿ ಮಲಗಬೇಕು, ಅದೂ ದಿನಾ. ರಾಯಚೂರು ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ದಿಕ್ಕಿಗೆ ಕಲಬುರಗಿ, ಅಲ್ಲಿ ಕಿದ್ವಾಯಿ ಸಂಸ್ಥೆಯ ಘಟಕ; ಇನ್ನೊಂದು ದಿಕ್ಕಿಗೆ ಬೆಂಗಳೂರು, ಅಲ್ಲಿ 1973ರಲ್ಲಿ ಶುರುವಾದ ಮೂಲ ಕಿದ್ವಾಯಿ. ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಕಿರಣದ ಖರ್ಚಿಗೆ ಸರ್ಕಾರದ ಕಾರ್ಡು ಇದ್ದರೂ, ಆರೂವರೆ ವಾರ ಜೊತೆಗೊಬ್ಬರು ಇರಬೇಕಲ್ಲ? ಹತ್ತಿ ಬಿಡಿಸುವ ಕಾಲದಲ್ಲಿ ಎರಡಾಳು ಹೊಲ ಬಿಟ್ಟು ಹೋದರೆ ಆ ವರ್ಷದ ಲೆಕ್ಕವೇ ಬೇರೆ. ಎಷ್ಟೋ ಜನ ಚಿಕಿತ್ಸೆ ಬಿಡುವುದು ಕಿರಣಕ್ಕೆ ಹೆದರಿಯಲ್ಲ, ಈ ಲೆಕ್ಕಕ್ಕೆ ಹೆದರಿ. ರಾಯಚೂರಿಗೆ ಏಮ್ಸ್ ಬೇಕು ಎಂದು 2022ರ ಮೇ ತಿಂಗಳಿಂದ ಜನ ಧರಣಿ ಕೂತದ್ದರ ಹಿಂದೆಯೂ ಇಂಥ ಸಾವಿರ ಮನೆಗಳ ಲೆಕ್ಕ ಇದೆ.

ನಿನ್ನ ಮಾವ ಹೇಳಿದ್ದು ಸುಳ್ಳಲ್ಲ. ಎಂ.ಬಿ.ಬಿ.ಎಸ್. ಮುಗಿಸಿದವರು ಮುಂದಿನ ಸೀಟು ಆರಿಸುವಾಗ ಮೊದಲು ಖಾಲಿಯಾಗುವ ವಿಷಯಗಳಲ್ಲಿ ರೇಡಿಯೋ ಡಯಾಗ್ನೋಸಿಸ್ ಒಂದು. ಸಂಬಳ ಒಳ್ಳೆಯದು. ಸಣ್ಣ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಮಾನ್ವಿಯಂಥ ಊರಿನಲ್ಲೂ ಕೂರಬಹುದು. ನಿದ್ದೆಯ ಮಾತು ಮಾತ್ರ ಪೂರ್ತಿ ಒಪ್ಪಲಾರೆ. ದೊಡ್ಡ ಆಸ್ಪತ್ರೆಯಲ್ಲಿ ಅಪಘಾತದ ರೋಗಿ ಬಂದರೆ ಮೊದಲು ಎಬ್ಬಿಸುವುದು ಅವರನ್ನೇ. ಕರೆಂಟ್ ಡಾಕ್ಟರ ಸೀಟಿಗೆ ಅಷ್ಟು ನೂಕುನುಗ್ಗಲಿಲ್ಲ. ಕಾರಣವೂ ಇದೆ. ಆ ಡಾಕ್ಟರು ಸ್ವಂತ ಕ್ಲಿನಿಕ್ ತೆರೆದು ಕೂರಲಾರರು. ಕೋಟಿಗಟ್ಟಲೆ ಬೆಲೆಯ ಯಂತ್ರ, ಕೋಟೆಗೋಡೆಯ ಕೋಣೆ, ಕಿರಣದ ಲೆಕ್ಕ ನೋಡುವ ಭೌತವಿಜ್ಞಾನಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಇಷ್ಟೂ ಬೇಕು. ಇಷ್ಟೂ ಇರುವುದು ದೊಡ್ಡ ಊರುಗಳಲ್ಲಿ. ಇಲ್ಲೊಂದು ತೊಡಕು ಇದೆ ನೋಡು: ಯಾಪಲದಿನ್ನಿಯವರ ಕಷ್ಟ ನೋಡಿ ಈ ವಿದ್ಯೆ ಕಲಿತವಳು ಯಾಪಲದಿನ್ನಿಯಲ್ಲಿ ಕೂತು ಅದನ್ನು ಮಾಡಲಾರಳು. ಹತ್ತಿರದ ಜಿಲ್ಲಾ ಕೇಂದ್ರಕ್ಕೆ ಯಂತ್ರ ಬರಬೇಕು, ಬಂದರೆ ಅದನ್ನು ನಡೆಸುವ ಡಾಕ್ಟರು ಅಲ್ಲಿ ಇರಲು ಒಪ್ಪಬೇಕು. ಯಂತ್ರವನ್ನು ಸರ್ಕಾರ ಕೊಳ್ಳಬಹುದು. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರವನ್ನು ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ರೂಪಿಸಿದೆ. ಡಾಕ್ಟರನ್ನು ಹಾಗೆ ಕೊಳ್ಳಲಾಗದು. ಹೊರಗಿನವರು ಬಂದು ಎರಡು ವರ್ಷಕ್ಕೆ ವರ್ಗ ಮಾಡಿಸಿಕೊಳ್ಳುತ್ತಾರೆ. ಆ ಬಿಸಿಲು, ಆ ಭಾಷೆ ತನ್ನದೆಂದುಕೊಂಡವರು ಉಳಿಯುತ್ತಾರೆ.

ಇನ್ನೊಂದು ಹೆದರಿಕೆಯನ್ನೂ ನೀನು ಕೇಳಿರಬಹುದು, ಕಂಪ್ಯೂಟರೇ ಎಕ್ಸ್‌ರೇ ಓದುತ್ತದಂತೆ ಎಂದು. ಕೃತಕ ಬುದ್ಧಿಮತ್ತೆಯ ಹಿರಿಯ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ, ಇನ್ನು ರೇಡಿಯಾಲಜಿಸ್ಟರನ್ನು ತಯಾರು ಮಾಡುವುದು ನಿಲ್ಲಿಸಿ, ಐದು ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ಓದುತ್ತದೆ ಎಂದಿದ್ದರು. ಅವರಿಗೆ 2024ರಲ್ಲಿ ನೊಬೆಲ್ ಬಂತು, ರೇಡಿಯಾಲಜಿಸ್ಟರು ಮಾತ್ರ ಇನ್ನೂ ಸಾಲದಾಗಿದ್ದಾರೆ. ಯಂತ್ರ ಗುರುತು ಹಾಕಿಕೊಡುತ್ತದೆ, ಸಹಿ ಮಾಡುವ ಮನುಷ್ಯ ಬೇಕು. ಯಾವ ಬಾವಿಯ ನೀರು ಎಂದು ಕೇಳುವವರೂ ಬೇಕು.

ಎರಡು ಕಸುಬುಗಳ ಅವಳಿ ನಂಟು ಇನ್ನೂ ಕಡಿದಿಲ್ಲ. 1956ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಆಸ್ಪತ್ರೆಯೊಂದಕ್ಕೆ ಭೌತವಿಜ್ಞಾನಿ ಬೇಕಾಗಿತ್ತು. ಕಾಲೇಜು ಮೇಷ್ಟ್ರಾಗಿದ್ದ ಅಲನ್ ಕಾರ್ಮ್ಯಾಕ್ ವಾರದಲ್ಲಿ ಸ್ವಲ್ಪ ಹೊತ್ತು ಹೋಗಿ ಬರುತ್ತಿದ್ದರು. ಅಲ್ಲಿ ಕ್ಯಾನ್ಸರ್ ಕಿರಣದ ಲೆಕ್ಕ ಹಾಕುವಾಗ ಮನುಷ್ಯನ ಮೈ ಒಳಗೆಲ್ಲ ಒಂದೇ ತೆರನಾಗಿದೆ ಎಂದುಕೊಂಡು ಹಾಕುತ್ತಿದ್ದರು. ಮೂಳೆ, ಗಾಳಿ, ಮಾಂಸ ಎಲ್ಲ ಒಂದೇ ಆಗುವುದು ಹೇಗೆ? ಒಳಗಿನ ನಕ್ಷೆ ಬೇಕಲ್ಲ ಎಂದು ಕಾರ್ಮ್ಯಾಕ್ ಗಣಿತ ಮಾಡಿದರು. ಇಂಗ್ಲೆಂಡಿನಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ತಾವೇ ಬೇರೆ ದಾರಿಯಿಂದ ಬಂದು ಯಂತ್ರ ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ಆಯಿತು. 1979ರಲ್ಲಿ ಇಬ್ಬರಿಗೂ ಸೇರಿ ನೊಬೆಲ್. ಚಿಕಿತ್ಸೆಯವರ ಕೊರತೆ ನೋಡುವವರ ಅತಿದೊಡ್ಡ ಯಂತ್ರದ ಗಣಿತಕ್ಕೆ ದಾರಿಯಾಯಿತು. ಅದೇ ಸ್ಕ್ಯಾನಿನ ಮೇಲೆಯೇ ಕಲಬುರಗಿಯಲ್ಲಿ ನಿನ್ನ ತಾತನ ಗಂಟಲಿನ ಗೆರೆ ಎಳೆದದ್ದು.

ನನ್ನ ಅಭಿಪ್ರಾಯ ಕೇಳಿದರೆ, ಈಗಲೇ ಆರಿಸಬೇಕಾಗಿಲ್ಲ. ಎಂ.ಬಿ.ಬಿ.ಎಸ್.ಗೆ ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್, ಅದಾದ ಮೇಲೆ ಮೂರು ವರ್ಷದ ಎಂ.ಡಿ.; ಆರಿಸುವ ದಿನ ಬರುವ ಹೊತ್ತಿಗೆ ನಿನಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಆಗಿರುತ್ತದೆ. ಅಲ್ಲಿಯವರೆಗೆ ನಿನ್ನನ್ನೇ ಗಮನಿಸುತ್ತಿರು. ಒಗಟು ಬಿಡಿಸಿದ ಮೇಲೆ ಮುಂದಿನ ಒಗಟು ಬೇಕೆನಿಸುತ್ತದೆಯೋ, ಅಥವಾ ಬಿಡಿಸಿದ ಮೇಲೆ ಆ ಮನುಷ್ಯನಿಗೆ ಏನಾಯಿತು ಎಂದು ಮನಸ್ಸು ಅಲ್ಲೇ ನಿಲ್ಲುತ್ತದೆಯೋ? ಮೊದಲನೆಯದಾದರೆ ಮಾವನ ಮಾತು ಕೇಳು, ಸಂಕೋಚಪಡಬೇಡ. ತಾತನ ಗಂಟಲಿನ ಗಂಟನ್ನು ಹೊತ್ತಿಗೆ ಸರಿಯಾಗಿ ಕಂಡವರೂ ಫೋಟೋ ಡಾಕ್ಟರೇ. ಎರಡನೆಯದಾದರೆ ತಾತನದು. ಮೂವತ್ಮೂರು ಗೆರೆ ಹಾಕಿದವಳು ಎರಡನೆಯ ಗುಂಪಿನವಳೇನೋ ಎಂದು ನನಗೆ ಗುಮಾನಿ.

ದಾರಿಯ ವಿವರ ಹೇಳಿಬಿಡುತ್ತೇನೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, ಆಮೇಲೆ ನೀಟ್ ಪರೀಕ್ಷೆ. ಭೌತಶಾಸ್ತ್ರವೆಂದರೆ ಮೂಗು ಮುರಿಯಬೇಡ, ಈ ಎರಡೂ ಕಸುಬಿಗೆ ಅದೇ ಅನ್ನ. ನಿನ್ನ ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯ ಅನುಕೂಲ ಇದೆ: ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳು ಅಲ್ಲಿಯವರಿಗೇ ಮೀಸಲು. 2007ರಲ್ಲಿ ಶುರುವಾದ ರಿಮ್ಸ್ ರಾಯಚೂರಿನಲ್ಲೇ ಇದೆ. ಅರ್ಹತಾ ಪ್ರಮಾಣಪತ್ರವನ್ನು ಕೊನೆಯ ವಾರದಲ್ಲಿ ಓಡಾಡದೆ ಮೊದಲೇ ಮಾಡಿಸಿಡಲು ಮಾವನಿಗೆ ಹೇಳು, ಸಲಹೆ ಕೊಟ್ಟವರು ಅಷ್ಟು ಓಡಾಡಲಿ. ಎಂ.ಬಿ.ಬಿ.ಎಸ್. ಸಿಗದಿದ್ದರೂ ಆ ಕೋಣೆಗಳ ಬಾಗಿಲು ಮುಚ್ಚುವುದಿಲ್ಲ. ಯಂತ್ರ ನಡೆಸುವ ಟೆಕ್ನಾಲಜಿಸ್ಟರಿಗೆ ಬಿ.ಎಸ್ಸಿ. ಕೋರ್ಸುಗಳಿವೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು ಭಾಭಾ ಕೇಂದ್ರದಲ್ಲಿ ಒಂದು ಡಿಪ್ಲೊಮಾ ಓದಿ ಮೆಡಿಕಲ್ ಫಿಸಿಸಿಸ್ಟ್ ಆಗಬಹುದು. ಅವರಿಲ್ಲದೆ ಕಿರಣ ಚಿಕಿತ್ಸೆಯ ಯಂತ್ರ ನಡೆಸುವ ಹಾಗಿಲ್ಲ.

ಮುಂದಿನ ಸಲ ತಾತನನ್ನು ತಪಾಸಣೆಗೆ ಕರೆದುಕೊಂಡು ಹೋಗುವಾಗ ರಜೆಯಿದ್ದರೆ ನೀನೂ ಹೋಗು. ಸಾಲು ಕಡಿಮೆಯಿರುವ ಮಧ್ಯಾಹ್ನದ ಹೊತ್ತು ನೋಡಿ, ಗೆರೆ ಎಳೆಯುವ ಕಂಪ್ಯೂಟರನ್ನು ಒಮ್ಮೆ ತೋರಿಸುತ್ತೀರಾ ಎಂದು ಕೇಳು. ತಾತನ ಮುಖವಾಡವನ್ನು ಕೊಟ್ಟು ಕಳಿಸಿದ್ದಾರೆಯೇ ಎಂಬುದನ್ನೂ ನನಗೆ ಬರೆ. ಕೆಲವರು ಅದನ್ನು ಹೊಲದ ಬೆದರುಬೊಂಬೆಗೆ ಹಾಕುತ್ತಾರಂತೆ, ಹಕ್ಕಿಗಳು ಹೆದರುತ್ತವೆಯೋ ಇಲ್ಲವೋ ತಿಳಿಯಬೇಕಿದೆ.